ಬಾಬ್‌ಕ್ಯಾಟ್‌ಗೆ ಬೇರು ಎತ್ತೋ ಗ್ರ್ಯಾಪಲ್: 10 ಎಂಎಂ ಪ್ಲೇಟಾ, 16 ಎಂಎಂ ಪ್ಲೇಟಾ?

ಪ್ರಶ್ನೆ: ಅಣ್ಣಾ, ತೀರ್ಥಹಳ್ಳಿ ಹತ್ರ ನಮ್ದೊಂದು ಸ್ಕಿಡ್ ಸ್ಟೀರ್ (ಬಾಬ್‌ಕ್ಯಾಟ್ ಥರದ ಸಣ್ಣ ಲೋಡರ್) ಬಾಡಿಗೆಗೆ ಓಡ್ತಿದೆ. ಹಳೇ ಅಡಿಕೆ ತೋಟ ತೆಗೆಯೋರು, ಲಂಟಾನ ಕ್ಲೀನ್ ಮಾಡ್ಸೋರು ಕರೀತಾನೇ ಇರ್ತಾರೆ, ಅದಕ್ಕೆ ರೂಟ್ ಗ್ರ್ಯಾಪಲ್, ಅಂದ್ರೆ ಬೇರು ಬೊಡ್ಡೆ ಕಚ್ಚಿ ಎತ್ತೋ ಹಲ್ಲಿನ ದವಡೆ, ತಗೋಬೇಕು ಅಂತಿದೀನಿ. ಒಬ್ರು 10 ಎಂಎಂ ಪ್ಲೇಟ್ ಸಾಕು ಅಂತಾರೆ, ಇನ್ನೊಬ್ರು 16 ಎಂಎಂ ಇಲ್ದಿದ್ರೆ ಒಂದು ಮಳೆಗಾಲನೂ ಬಾಳಲ್ಲ ಅಂತಾರೆ. ಯಾವ್ದು ತಗೊಳ್ಲಿ?

ಉತ್ತರ: ಇಬ್ರೂ ಎಂಎಂ ಮಾತ್ರ ಹೇಳಿದಾರೆ, ಯಾವ ಸ್ಟೀಲ್ ಅಂತ ಒಬ್ರೂ ಹೇಳಿಲ್ಲ ನೋಡಿ. ನಮ್ಮ ಕಡೆ ಫ್ಯಾಬ್ರಿಕೇಶನ್ ಶಾಪಲ್ಲಿ ಸಿಗೋದು ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್, ಅದು ಸುಮಾರು 250 ಮೆಗಾಪಾಸ್ಕಲ್ ಒತ್ತಡಕ್ಕೆ ಬಗ್ಗಿದ್ರೆ ಮತ್ತೆ ನೆಟ್ಟಗಾಗಲ್ಲ. ಹಾರ್ಡಾಕ್ಸ್ 450 ಅಂತ ಸವೆತ ತಡೆಯೋ ಗಟ್ಟಿ ಸ್ಟೀಲ್ ಬರತ್ತಲ್ಲ, ಅದು ಇದರ ನಾಲ್ಕು ಪಟ್ಟಿಗಿಂತ ಜಾಸ್ತಿ ತಡ್ಕೊಳತ್ತೆ. ಅಂದ್ರೆ ಹಲ್ಲಿನ ಆಕಾರ ಒಂದೇ ಇದ್ರೆ 10 ಎಂಎಂ ಹಾರ್ಡಾಕ್ಸ್ ಹಲ್ಲು 16 ಎಂಎಂ ಎಂಎಸ್ ಹಲ್ಲಿಗಿಂತ ಗಟ್ಟಿ, ಮೇಲಿಂದ ತೂಕನೂ ಕಮ್ಮಿ. ಹಾರ್ಡಾಕ್ಸ್ ಅಂತ ಬಾಯಲ್ಲಿ ಹೇಳಿದ್ರೆ ನಂಬ್ಬೇಡಿ ಮಾರಾಯ್ರೆ, ಪ್ಲೇಟಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ.

ತೂಕ ಯಾಕೆ ಹೇಳ್ದೆ ಅಂದ್ರೆ ನಿಮ್ಮ ಮಷೀನ್ ಬುಕ್ಕಲ್ಲಿ ರೇಟೆಡ್ ಆಪರೇಟಿಂಗ್ ಕೆಪಾಸಿಟಿ (ಮಗುಚದೆ ಎತ್ತಬಹುದಾದ ತೂಕ) ಅಂತ ಇರತ್ತಲ್ಲ, ಟೈರ್ ಮಷೀನ್ ಆದ್ರೆ ಅದು ಮಷೀನ್ ಮುಂದಕ್ಕೆ ಮಗುಚೋ ತೂಕದ ಅರ್ಧ, ಟ್ರ್ಯಾಕ್ ಆದ್ರೆ ಸಾಮಾನ್ಯವಾಗಿ 35 ಪರ್ಸೆಂಟ್, ಮತ್ತೆ ಅದು ಬಕೆಟ್ ಹಾಕ್ಕೊಂಡು ಹೇಳಿರೋ ಲೆಕ್ಕ. ಬಕೆಟ್ 180 ಕೆಜಿ ಇದ್ದು ಗ್ರ್ಯಾಪಲ್ 420 ಕೆಜಿ ಇದ್ರೆ ಅಲ್ಲೇ 240 ಕೆಜಿ ಹೋಯ್ತು, 800 ಅಂತ ಬರೆದಿರೋ ಮಷೀನಲ್ಲಿ ಉಳಿಯೋದು 560. ಬೊಡ್ಡೆ ಇನ್ನೂ ಮುಂದಕ್ಕೆ ಕೂರೋದ್ರಿಂದ ಅಷ್ಟೂ ಸಿಗಲ್ಲ. ಮಳೆ ಬಿದ್ದ ಕೆಂಪು ಮಣ್ಣು ಹಿಡ್ಕೊಂಡಿರೋ ಬೊಡ್ಡೆ ಎತ್ಕೊಂಡು ದರೆ ಪಕ್ಕ ತಿರುಗಿಸುವಾಗ ಹಿಂದಿನ ಚಕ್ರ ನೆಲ ಬಿಡತ್ತೆ ಅಲ್ವ, ಆಗ ಗೊತ್ತಾಗತ್ತೆ ಈ ಲೆಕ್ಕ.

ಇನ್ನು ನಿಜವಾಗ್ಲೂ ಮುರಿಯೋದು ಎಲ್ಲಿ ಅಂದ್ರೆ ವೆಲ್ಡಿಂಗಲ್ಲಿ. ನಂದು ಮೊದಲನೇ ಗ್ರ್ಯಾಪಲ್ಲಿಗೆ ದಪ್ಪ ಪ್ಲೇಟೇ ಹಾಕ್ಸಿದ್ದೆ. ಎರಡು ತಿಂಗಳಾಗಿತ್ತು ಅನ್ಸತ್ತೆ, ಸಂಜೆ ತೊಳೀವಾಗ ನೋಡ್ತೀನಿ, ಹಲ್ಲು ಅಡ್ಡ ಪೈಪಿಗೆ ಸೇರೋ ಜಾಗದಲ್ಲಿ ಬೆಸುಗೆ ಅಂಚಿಗೇ ಕೂದಲೆಳೆಯಂಥ ಗೆರೆ, ಅದ್ರಿಂದ ತುಕ್ಕು ಬಣ್ಣದ ನೀರು ಸಣ್ಣಗೆ ಇಳೀತಿತ್ತು. ಪೇಂಟ್ ಕೆರೆದಾಗ ಆ ಸಾಲಲ್ಲಿ ಐದರಲ್ಲಿ ಮೂರು ಹಲ್ಲಿಗೆ ಅದೇ ಕಥೆ. ಮಾಡಿದ್ದು ಜುಲೈ ತಿಂಗಳ ಜಡಿಮಳೇಲಿ, ವೆಲ್ಡಿಂಗ್ ರಾಡ್ ಪ್ಯಾಕೆಟ್ ಬಿಚ್ಚಿ ಶೆಡ್ಡಲ್ಲೇ ಬಿದ್ದಿತ್ತು. ರಾಡಲ್ಲಿ ತೇವ ಇದ್ರೆ ಅದ್ರಿಂದ ಹೈಡ್ರೋಜನ್ ಬೆಸುಗೆ ಒಳಗೆ ಸೇರ್ಕೊಂಡು, ಗಟ್ಟಿ ಸ್ಟೀಲ್ ಆದ್ರೆ ಅದೇ ದಿನ ಏನೂ ಕಾಣಲ್ಲ, ಒಂದೆರಡು ದಿನ ಬಿಟ್ಟು ಬಿರುಕು ಬಿಡತ್ತೆ. ಅದಕ್ಕೆ ಹೈಡ್ರೋಜನ್ ಕಮ್ಮಿ ಇರೋ 7018 ನಂಬರ್ ರಾಡ್, ಅದೂ ಒವನ್ನಲ್ಲಿ ಒಣಗಿಸಿ ಬಿಸಿ ಇರುವಾಗ್ಲೇ ಹಚ್ಬೇಕು, ದಪ್ಪ ಪ್ಲೇಟಿಗೆ ಮೊದ್ಲು ಸ್ವಲ್ಪ ಕಾಯಿಸ್ಬೇಕು. ಮಾಡೋರ ಹತ್ರ ರಾಡ್ ಒವನ್ ಇದ್ಯಾ ಕೇಳಿ, ನಕ್ಕರೆ ಬೇರೆ ಕಡೆ ಹೋಗಿ.

ಇನ್ನು ದವಡೆ ಮುಚ್ಚಿಸೋ ಸಿಲಿಂಡರ್ ಕಡೆ ಬನ್ನಿ. 200 ಬಾರ್ ಪ್ರೆಶರಿಗೆ 50 ಎಂಎಂ ಬೋರ್ (ಒಳ ವ್ಯಾಸ) ಸಿಲಿಂಡರ್ ಸುಮಾರು 4 ಟನ್ ತಳ್ಳತ್ತೆ, 63 ಎಂಎಂ ಆದ್ರೆ 6 ಟನ್ ಮೇಲೆ. ಕೇಳಕ್ಕೆ ಚೆನ್ನಾಗಿದೆ ಆದ್ರೆ ಪಿನ್ನು, ಅದ್ರ ಸುತ್ತ ಕೂರೋ ಬಳೆ ಥರದ ಬುಶ್ಶು ಸಣ್ಣದಿದ್ರೆ ಅಷ್ಟೂ ಶಕ್ತಿ ಅದನ್ನೇ ತಿನ್ನತ್ತೆ. ಬದಲಾಯಿಸೋ ಥರ ಬುಶ್ ಇರ್ಬೇಕು, ಎಲ್ಲಾ ಪಿನ್ನಿಗೂ ಗ್ರೀಸ್ ನಿಪ್ಪಲ್ ಇರ್ಬೇಕು, ಸಿಲಿಂಡರ್ ಮುಂದೆ ಕವರ್ ಇರ್ಬೇಕು, ಹೋಸ್ ಹೊರಗೆ ಜೋತಾಡ್ಬಾರ್ದು. ಲಂಟಾನ ಕಡ್ಡಿ ಒಂದು ಸಾಕು ಹೋಸ್ ಕಿತ್ಕೊಂಡು ಹೋಗಕ್ಕೆ.

ಮೇಲಿನ ದವಡೆ ಒಂದೇನಾ ಎರಡಾ ಅಂತ ಎಲ್ರೂ ಕೇಳ್ತಾರೆ. ಎರಡು ಬಿಡಿಬಿಡಿ ದವಡೆ ಇದ್ರೆ ಒಂದು ಕಡೆ ದಪ್ಪ ಬೊಡ್ಡೆ ಇನ್ನೊಂದು ಕಡೆ ಸಣ್ಣ ಕೊಂಬೆ ಎರಡೂ ಕಚ್ಚಿ ಹಿಡಿಯತ್ತೆ. ಒಂದೇ ದವಡೆ ಆದ್ರೆ ಒಂದು ಕಡೆ ಮಾತ್ರ ಭಾರ ಬಿದ್ದು ತಿರುಚ್ಕೊಳತ್ತೆ. ಲಂಟಾನ ಮಾತ್ರ ಅಂದ್ರೆ ಒಂದು ಸಾಕು. ನಿಮ್ಮ ಕೆಲ್ಸಕ್ಕೆ ಎರಡು.

ಅಗಲ ಟೈರಿಂದ ಟೈರಿಗೆ ಎಷ್ಟಿದ್ಯೋ ಅಷ್ಟು, ಜಾಸ್ತಿ ಬೇಡ, ಅಡಿಕೆ ಸಾಲಲ್ಲಿ ನುಗ್ಗಬೇಕಲ್ಲ.

ಮತ್ತೊಂದು, ಇದು ಅಗೆಯೋ ಸಾಮಾನಲ್ಲ. ಅಡಿಕೆಗೆ ತಾಯಿಬೇರು ಇಲ್ಲ, ಬುಡದ ಸುತ್ತ ಬೇರಿನ ಗೊಂಚಲು ಅಷ್ಟೆ, ಅಲ್ಲಾಡ್ಸಿದ್ರೆ ಮಣ್ಣು ಸಮೇತ ಬರತ್ತೆ. ಅಕೇಶಿಯಾ ಬೊಡ್ಡೆ ಹಾಗಲ್ಲ, ಬೇರು ಅಡ್ಡಡ್ಡ ಹರಡಿರತ್ತೆ, ಬಿದಿರು ಮೆಳೆ ಅಂತೂ ಕೇಳ್ಲೇ ಬೇಡಿ. ಒಂದೇ ಹಲ್ಲನ್ನ ಬೇರಿಗೆ ಸಿಗಿಸ್ಕೊಂಡು ಮಷೀನ್ ಗಿರಕಿ ಹೊಡ್ಸಿದ್ರೆ ಯಾವ ಹಾರ್ಡಾಕ್ಸೂ ಬಗ್ಗತ್ತೆ. ಅಂಥದ್ದಕ್ಕೆ ಜೆಸಿಬಿ ಕರೆಸಿ ಸುತ್ತ ಬೇರು ಕತ್ತರಿಸಿ, ಆಮೇಲೆ ಗ್ರ್ಯಾಪಲ್ಲಲ್ಲಿ ಎತ್ತಿ. ಬಾಯಿ ತೆಕ್ಕೊಂಡು ಹಿಂದಕ್ಕೆ ಎಳೆದು ನೆಲ ಸಮ ಮಾಡೋ ಅಭ್ಯಾಸ ಇದ್ರೂ ಬಿಡಿ, ಸಿಲಿಂಡರ್ ರಾಡ್ ಸೊಟ್ಟ ಆಗೋದು ಅಲ್ಲೇ.

ಮಳೆಗಾಲದಲ್ಲಿ ನಿಲ್ಸುವಾಗ ಸಿಲಿಂಡರ್ ರಾಡ್ ಪೂರ್ತಿ ಒಳಗೆ ಹೋಗೋ ಥರ ನಿಲ್ಸಿ, ಆಚೆ ಉಳಿಯೋ ತುಂಡಿಗೆ ಗ್ರೀಸ್ ಬಳೀರಿ. ಹೊರಗಿದ್ದ ಕ್ರೋಮಿಗೆ ತುಕ್ಕು ಚುಕ್ಕೆ ಬಿದ್ರೆ ಅದು ಸೀಲ್ ಹರೀತಾ ಹೋಗತ್ತೆ, ಆಯಿಲ್ ಸೋರತ್ತೆ, ಆಮೇಲೆ ಎಷ್ಟು ಸಲ ಸೀಲ್ ಕಿಟ್ ಹಾಕಿದ್ರೂ ಅಷ್ಟೇ, ರಾಡೇ ಬದಲಾಯಿಸ್ಬೇಕು.