ಟೇಪ್ ಹಿಡಿಯಬೇಕಾದ್ದು ಕಂಬಕ್ಕಲ್ಲ, ಮಾಲಿಗೆ

ನನಗೆ ಫೋನ್ ಬರುವುದು ಹೆಚ್ಚಾಗಿ ಗೋಡೌನಿನ ರ‍್ಯಾಕ್‌ಗಳಿಗೆ ಬೋಲ್ಟ್ ಬಿದ್ದ ಮೇಲೆ. "ಸಾರ್, ಸಾಲುಗಳ ನಡುವೆ 2.8 ಮೀಟರ್ ದಾರಿ ಬಿಟ್ಟಿದ್ದೀವಿ. ಯಾವ ಫೋರ್ಕ್‌ಲಿಫ್ಟ್ ತಗೊಳ್ಳೋಣ?" ಎಲ್ಲಿಂದ ಎಲ್ಲಿಗೆ ಅಳೆದಿರಿ ಎಂದು ಕೇಳುತ್ತೇನೆ. ರ‍್ಯಾಕಿನ ಕಂಬದಿಂದ ಕಂಬಕ್ಕೆ ಅನ್ನುತ್ತಾರೆ.

ಗಾಡಿ ತಿರುಗುವಾಗ ಮೊದಲು ತಾಗುವುದು ಕಂಬವಲ್ಲ, ಪ್ಯಾಲೆಟ್, ಅಂದರೆ ಮಾಲು ಜೋಡಿಸಿಡುವ ಹಲಗೆ. ನಮ್ಮಲ್ಲಿ ಜಾಸ್ತಿ ಓಡಾಡುವ ಪ್ಯಾಲೆಟ್ 1200ಕ್ಕೆ 1000 ಮಿ.ಮೀ. ಉದ್ದದ ಬದಿ ಒಳಗೆ ಹೋಗುವಂತೆ ಇಟ್ಟು, ರ‍್ಯಾಕಿನ ಆಳ 1000 ಇದ್ದರೆ ಮುಂದೆ 100, ಹಿಂದೆ 100 ಹೊರಗೆ ಚಾಚುತ್ತದೆ. ಎದುರಿನ ಸಾಲಿನದ್ದೂ ಅಷ್ಟೇ ಚಾಚುತ್ತದೆ. ಅಲ್ಲಿಗೆ 200 ಮಿ.ಮೀ. ಹೋಯಿತು. ನಿಮ್ಮ 2.8 ಈಗ 2.6. ಚೀಲ ಉಬ್ಬಿದ್ದರೆ ಇನ್ನೂ ಕಡಿಮೆ. ಅದಕ್ಕೇ ಮಾಲು ತುಂಬಿಸಿ, ಮಾಲಿನಿಂದ ಮಾಲಿಗೆ ಅಳೆಯಿರಿ. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಕಂಬದ ಅಳತೆಯೇ ಬರುತ್ತದೆ.

ನೆಲಮಂಗಲದ ಹತ್ತಿರ ಒಂದು ಗೋಡೌನ್‌ನಲ್ಲಿ ಹೀಗೇ ಆಯಿತು. ಆಗಲೇ ರೀಚ್ ಟ್ರಕ್, ಅಂದರೆ ಫೋರ್ಕನ್ನು ಮುಂದಕ್ಕೆ ಚಾಚಿ ಮಾಲು ಇಡುವ ಗಾಡಿ, ಬಂದಿತ್ತು. ಅದರ ಕ್ಯಾಟಲಾಗ್ ಕೇಳುತ್ತಿದ್ದದ್ದು 2.75 ಮೀಟರ್ ದಾರಿ. ಒಂದೊಂದು ಪ್ಯಾಲೆಟ್ ಇಡಲೂ ಆಪರೇಟರ್ ಹುಡುಗ ಮೂರು ನಾಲ್ಕು ಸಲ ಹಿಂದೆ ಮುಂದೆ ಮಾಡುತ್ತಿದ್ದ. ಅವನಿಗೆ ಗಾಡಿ ಬರಲ್ಲ ಎಂದು ಮಾಲೀಕರು ಬೈಯುತ್ತಿದ್ದರು. ಟೇಪಿನ ಒಂದು ತುದಿ ಅವನ ಕೈಗೇ ಕೊಟ್ಟೆ. ಮಾಲಿನಿಂದ ಮಾಲಿಗೆ 2 ಮೀಟರ್ 58 ಸೆಂ.ಮೀ. ಬಂತು. "ಒಂದು ತಿಂಗಳಿಂದ ಹೇಳ್ತಾನೇ ಇದ್ದೀನಿ ಸಾರ್" ಅಂದ. ನನಗೆ ಹೊಟ್ಟೆ ಚುರ್ ಅಂತು. ಕೊನೆಗೆ ಒಂದು ಸಾಲು ಬಿಚ್ಚಿ, ಉಳಿದವನ್ನು ಸರಿಸಿ, ನೆಲಕ್ಕೆ ಹೊಸದಾಗಿ ಆಂಕರ್ ಬೋಲ್ಟ್ ಹೊಡೆಯಬೇಕಾಯಿತು.

ನಡು ಬಾಗುವ ಆರ್ಟಿಕ್ಯುಲೇಟೆಡ್ ಗಾಡಿ ಸುಮಾರು 2 ಮೀಟರಿನಲ್ಲೂ ತಿರುಗುತ್ತದೆ. ಮೊದಲೇ ಕೇಳಿದ್ದರೆ ಅದನ್ನೇ ಹೇಳಬಹುದಿತ್ತು. ಹಿಂದೆ ಭಾರವಿರುವ ಮಾಮೂಲಿ ಕೌಂಟರ್‌ಬ್ಯಾಲೆನ್ಸ್ ಗಾಡಿಗೆ ಮೂರೂವರೆಯಿಂದ ನಾಲ್ಕು ಮೀಟರ್ ಬೇಕು. ಟರೆಟ್ ಟ್ರಕ್‌ಗೆ 1.6ರಿಂದ 1.8 ಸಾಕು, ಏಕೆಂದರೆ ಗಾಡಿ ತಿರುಗುವುದಿಲ್ಲ, ಫೋರ್ಕ್ ಮಾತ್ರ ತಿರುಗುತ್ತದೆ. ಆದರೆ ಅದಕ್ಕೆ ಗೈಡ್ ರೈಲ್ ಅಥವಾ ನೆಲದೊಳಗೆ ದಾರಿ ತೋರಿಸುವ ತಂತಿ ಬೇಕು, ನೆಲ ಮಟ್ಟಸವಾಗಿರಬೇಕು. ಎರಡು ಚಕ್ರಗಳ ನಡುವೆ 1.25 ಮೀಟರ್ ಇದ್ದು, ಒಂದು ಬದಿ 3 ಮಿ.ಮೀ. ತಗ್ಗಿದ್ದರೂ 10 ಮೀಟರ್ ಎತ್ತರದಲ್ಲಿ ಫೋರ್ಕ್ 24 ಮಿ.ಮೀ. ವಾಲುತ್ತದೆ. ನೆಲ ನೋಡದೆ ನಾನಂತೂ ಈ ಗಾಡಿಗೆ ಹೂಂ ಅನ್ನುವುದಿಲ್ಲ.

ಕ್ಯಾಟಲಾಗಿನ ದಾರಿ ಅಳತೆಯಲ್ಲಿ ಸಾಮಾನ್ಯವಾಗಿ 200 ಮಿ.ಮೀ. ಸಡಿಲ ಸೇರಿಸಿರುತ್ತಾರೆ. ಜಾಗ ಉಳಿಸಲು ಅದನ್ನು ಕತ್ತರಿಸಬೇಡಿ, ಅಲ್ಲಿ ಎಂಟು ಗಂಟೆ ಕೂತು ಓಡಿಸುವವನಿಗೆ ಅದು ಬೇಕು. ಯಾವ ಅಳತೆಯ ಪ್ಯಾಲೆಟ್‌ಗೆ, ಯಾವ ದಿಕ್ಕಿಗೆ ಆ ಅಂಕಿ ಕೊಟ್ಟಿದ್ದಾರೆ ಅನ್ನುವುದನ್ನೂ ಓದಿ. ಸಾಧ್ಯವಿದ್ದರೆ ರ‍್ಯಾಕ್ ಆರ್ಡರ್ ಕೊಡುವ ಮುಂಚೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ತುಂಬಿದ ಪ್ಯಾಲೆಟ್ ಸಮೇತ ಡೆಮೊ ಗಾಡಿಯನ್ನು ತಿರುಗಿಸಿ ನೋಡಿ. ಓಡಿಸುವುದು ನಿಮ್ಮ ಆಪರೇಟರೇ ಆಗಿರಲಿ.