ಕುಡಿಯುವ ಫ್ಲೋರೈಡ್ ಬೇರೆ, ಹಚ್ಚುವ ಫ್ಲೋರೈಡ್ ಬೇರೆ

2025ರಲ್ಲಿ ಅಮೆರಿಕದ ಯೂಟಾ ರಾಜ್ಯ, ಹಲ್ಲಿನ ಹುಳುಕು ತಡೆಯಲೆಂದು ನಲ್ಲಿ ನೀರಿಗೆ ಫ್ಲೋರೈಡ್ ಎಂಬ ಖನಿಜಾಂಶ ಬೆರೆಸುವುದನ್ನು ನಿಷೇಧಿಸಿತು. ಫ್ಲಾರಿಡಾ ಕೂಡ ಅದೇ ದಾರಿ ಹಿಡಿಯಿತು. ಮೊಬೈಲಿನಿಂದ ಮೊಬೈಲಿಗೆ ದಾಟುತ್ತ ಆ ಸುದ್ದಿ ನಮ್ಮನ್ನು ತಲುಪುವ ಹೊತ್ತಿಗೆ ಅದರಲ್ಲಿ ‘ಫ್ಲೋರೈಡ್ ವಿಷ’ ಎಂಬ ಎರಡೇ ಪದಗಳು ಉಳಿದಿದ್ದವು. ಪಾವಗಡ, ಮುಂಡರಗಿ, ಬಾಗೇಪಲ್ಲಿಯ ಕಡೆಯವರಿಗೆ ಈ ಮಾತು ಹೊಸದಲ್ಲ. ಕೊಳವೆಬಾವಿಯ ನೀರು ಕುಡಿದು ಹಲ್ಲು ಕಂದಾದವರನ್ನು, ಬೆನ್ನು ಮೊಣಕಾಲು ಬಿಗಿದವರನ್ನು ಅವರು ಕಣ್ಣಾರೆ ಕಂಡಿದ್ದಾರೆ. ಹೀಗಿರುವಾಗ ಐವತ್ತು ದಾಟಿದವರಿಗೆ ದಂತವೈದ್ಯರು ‘ಫ್ಲೋರೈಡ್ ಹಚ್ಚಿಸಿಕೊಳ್ಳಿ’ ಎಂದರೆ ಗಾಬರಿಯಾಗುವುದು ಸಹಜ.

ಈ ಕತೆ ಶುರುವಾದದ್ದೇ ಕಲೆಯಾದ ಹಲ್ಲಿನಿಂದ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ದಂತವೈದ್ಯ ಫ್ರೆಡೆರಿಕ್ ಮೆಕೇ, ಅಲ್ಲಿಯವರ ಹಲ್ಲಿನ ಕಂದು ಕಲೆಗೆ ಕಾರಣ ಹುಡುಕುತ್ತ ಮೂವತ್ತು ವರ್ಷ ಕಳೆದರು. ಕಲೆಯಾದ ಹಲ್ಲು ಹುಳುಕಾಗುವುದು ಕಡಿಮೆ ಎಂಬುದೂ ಅವರ ಕಣ್ಣಿಗೆ ಬಿತ್ತು. 1931ರಲ್ಲಿ ಕಾರಣ ನೀರಿನ ಫ್ಲೋರೈಡ್ ಎಂದು ತಿಳಿಯಿತು. 1945ರಲ್ಲಿ ಅಮೆರಿಕದ್ದೇ ಆದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ಲೀಟರಿಗೆ ಸುಮಾರು 1 ಮಿಲಿಗ್ರಾಂನಂತೆ ಅದನ್ನು ನೀರಿಗೆ ಬೆರೆಸತೊಡಗಿತು. ಈ ನಡುವೆ, 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ ಫ್ಲೋರೈಡ್‌ನಿಂದ ಮೂಳೆ ಬಿಗಿದವರ ವರದಿ ಬಂದಿತ್ತು. ಅವರಿಗೆ ಬೆರೆಸುವ ಚಿಂತೆ, ನಮಗೆ ತೆಗೆಯುವ ಚಿಂತೆ.

ಹಲವು ದಶಕಗಳ ಕಾಲ ಎಲ್ಲರೂ ನಂಬಿದ್ದು ಒಂದೇ ವಿವರಣೆ: ಹೊಟ್ಟೆಗೆ ಹೋದ ಫ್ಲೋರೈಡ್ ರಕ್ತದ ಮೂಲಕ, ವಸಡಿನೊಳಗೆ ಇನ್ನೂ ಬೆಳೆಯುತ್ತಿರುವ ಹಲ್ಲನ್ನು ಸೇರಿ ಅದನ್ನು ಗಟ್ಟಿಮಾಡುತ್ತದೆ. ಹಾಗಾದರೆ ಹಲ್ಲು ಮೂಡಿ ಮುಗಿದವರಿಗೆ ಅದರಿಂದೇನು ಪ್ರಯೋಜನ? ಫ್ಲೋರೈಡ್ ಮಕ್ಕಳ ಪಾಲಿನದಾಯಿತು, ದೊಡ್ಡವರು ಲೆಕ್ಕದಿಂದ ಹೊರಗುಳಿದರು.

ಆ ವಿವರಣೆ ಅಲುಗಾಡಿದ್ದು ಎಂಬತ್ತರ ದಶಕದಲ್ಲಿ. ಡೆನ್ಮಾರ್ಕಿನ ಓಲೆ ಫೆಯರ್ಸ್ಕೊವ್ ಮತ್ತು ಸಂಗಡಿಗರು 1981ರಲ್ಲಿ ಬರೆದ ಪ್ರಬಂಧ ಅದಕ್ಕೆ ದೊಡ್ಡ ತಿರುವು ಕೊಟ್ಟಿತು. ಹಲ್ಲು ಒಂದೇ ದಿನ ತೂತಾಗುವುದಿಲ್ಲ. ಸಿಹಿ ತಿಂದಾಗಲೆಲ್ಲ ಹಲ್ಲಿಗಂಟಿದ ಪಾಚಿಯಲ್ಲಿನ ಸೂಕ್ಷ್ಮಾಣುಗಳು ಆಮ್ಲ ಉಂಟುಮಾಡುತ್ತವೆ, ಪಿಎಚ್ (ಈ ಅಳತೆ ಇಳಿದಷ್ಟೂ ಆಮ್ಲ ಹೆಚ್ಚು) 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚವಾದ ಎನಾಮೆಲ್‌ನ ಖನಿಜ ಕರಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಜೊಲ್ಲು ಆಮ್ಲವನ್ನು ತಗ್ಗಿಸಿ, ಕಳೆದುಹೋದ ಖನಿಜವನ್ನು ಮರಳಿ ತುಂಬುತ್ತದೆ. ದಿನವಿಡೀ ನಡೆಯುವ ಈ ಕೊಡುಕೊಳ್ಳುವಿಕೆಯಲ್ಲಿ ನಷ್ಟವೇ ಹೆಚ್ಚಾದರೆ ಹುಳುಕು. ಜೊಲ್ಲಿನಲ್ಲಿ, ಹಲ್ಲಿನ ಮೇಲ್ಮೈಯಲ್ಲಿ ತುಸು ಫ್ಲೋರೈಡ್ ಇದ್ದರೂ ಸಾಕು, ಕರಗುವುದು ನಿಧಾನವಾಗುತ್ತದೆ, ತುಂಬುವುದು ಚುರುಕಾಗುತ್ತದೆ. ಅಂದರೆ ಅದು ಮುಖ್ಯವಾಗಿ ಕೆಲಸ ಮಾಡುವುದು ನುಂಗಿದಾಗ ಅಲ್ಲ, ಹಲ್ಲಿಗೆ ತಾಗಿದಾಗ. ಎಂಟು ವರ್ಷದ ಹಲ್ಲಿಗೆ ತಾಗಲಿ, ಎಂಬತ್ತರ ಹಲ್ಲಿಗೆ ತಾಗಲಿ, ಕೆಲಸ ಅದೇ.

ದೊಡ್ಡವರಿಗೆ ಇದರ ಅಗತ್ಯ ಒಂದು ಕೈ ಹೆಚ್ಚೇ. ವಯಸ್ಸಾದಂತೆ ವಸಡು ಹಿಂದೆ ಸರಿದು ಬೇರು ಹೊರಗೆ ಕಾಣುತ್ತದೆ. ಬೇರಿಗೆ ಎನಾಮೆಲ್‌ನ ಹೊದಿಕೆ ಇಲ್ಲ. ಪಿಎಚ್ 6ಕ್ಕೂ ಮೇಲಿರುವಾಗಲೇ, ಅಂದರೆ ತೀರ ಸೌಮ್ಯ ಆಮ್ಲಕ್ಕೇ, ಅದು ಕರಗತೊಡಗುತ್ತದೆ. ರಕ್ತದೊತ್ತಡದ, ಖಿನ್ನತೆಯ ಹಲವು ಮಾತ್ರೆಗಳು ಬಾಯಿಯನ್ನು ಒಣಗಿಸುತ್ತವೆ. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಂತೂ ಜೊಲ್ಲು ಬತ್ತಿ, ತಿಂಗಳುಗಳಲ್ಲೇ ಸಾಲು ಹಲ್ಲುಗಳು ಹಾಳಾಗಬಹುದು. ‘ವಯಸ್ಸಾಯಿತು, ಹಲ್ಲು ಹೋಗುತ್ತದೆ’ ಎಂದು ಮನೆಮನೆಯಲ್ಲಿ ಒಪ್ಪಿಕೊಂಡುಬಿಡುತ್ತೇವೆ. ಹೀಗೆ ಹೋದ ಹಲ್ಲುಗಳಲ್ಲಿ ಎಷ್ಟೋ ಉಳಿಯಬಹುದಾಗಿದ್ದವು.

ಅಮೆರಿಕದ ದಂತವೈದ್ಯರ ಸಂಘ 2013ರಲ್ಲಿ ದೊಡ್ಡವರ ಬೇರಿನ ಹುಳುಕನ್ನೂ ಸೇರಿಸಿ ಮಾರ್ಗಸೂಚಿ ಹೊರಡಿಸಿತು. ಅಪಾಯ ಹೆಚ್ಚಿದ್ದವರಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ಶೇ 2.26ರ ಫ್ಲೋರೈಡ್ ವಾರ್ನಿಷ್, ಅಂದರೆ ಹಲ್ಲಿಗೆ ಅಂಟಿಕೊಳ್ಳುವ ಲೇಪ, ಬಳಿಯಬಹುದು. ಕೆಲವು ನಿಮಿಷಗಳ ಕೆಲಸ, ಕೊರೆಯುವುದಿಲ್ಲ, ಸೂಜಿಯಿಲ್ಲ. ಹುಳುಕು ಆಗಲೇ ಶುರುವಾಗಿದ್ದರೆ ಅದನ್ನು ತಡೆಯಲು ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವವಿದೆ. ಹಚ್ಚಿದ ಜಾಗ ಕಪ್ಪಾಗುತ್ತದೆ ಎಂಬುದನ್ನು ಮೊದಲೇ ಹೇಳಬೇಕು. ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಲಾಗದ ವೃದ್ಧರಿಗೆ ಅದೊಂದು ವರ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನೂ ಫ್ಲೋರೈಡ್ ಟೂತ್‌ಪೇಸ್ಟನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇಷ್ಟಾದರೂ ನಮ್ಮಲ್ಲಿ ದೊಡ್ಡವರು ಚಿಕಿತ್ಸಾಲಯದ ಮೆಟ್ಟಿಲು ಹತ್ತುವುದು ನೋವು ಬಂದ ಮೇಲೆ, ಫಿಲ್ಲಿಂಗ್‌ಗೋ ಹಲ್ಲು ಕೀಳಿಸುವುದಕ್ಕೋ ಮಾತ್ರ.

ವಿಷದ ಮಾತನ್ನು ತಳ್ಳಿಹಾಕುವಂತಿಲ್ಲ. 2024ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು, ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಬುದ್ಧಿಮತ್ತೆ ತಗ್ಗುವುದಕ್ಕೂ ನಂಟು ಕಾಣುತ್ತದೆ ಎಂದಿತು. ಭಾರತದಲ್ಲಿ ಕುಡಿಯುವ ನೀರಿಗೆ ಇರುವ ಗರಿಷ್ಠ ಮಿತಿಯೂ ಅದೇ 1.5. ಅದನ್ನು ಮೀರಿದ ಕೊಳವೆಬಾವಿಗಳ ಊರಿನಲ್ಲಿ ಆಗಬೇಕಾದದ್ದು ನೀರಿನ ಬದಲಾವಣೆ, ಅದೂ ತಡವಿಲ್ಲದೆ. ಉಗಿದುಬಿಡುವ ಪೇಸ್ಟಿನ ಮಾತು ಬೇರೆ. ಪುಟ್ಟ ಮಕ್ಕಳು ಅದನ್ನು ನುಂಗಿಬಿಡುತ್ತಾರೆ, ಆದ್ದರಿಂದ ಅವರಿಗೆ ಅಕ್ಕಿಕಾಳಿನಷ್ಟೇ ಸಾಕು. ದೊಡ್ಡವರು ದಿನಕ್ಕೆರಡು ಬಾರಿ ಉಜ್ಜಿ, ನೊರೆ ಉಗಿದು, ಆಮೇಲೆ ನೀರಿನಿಂದ ಬಾಯಿ ಮುಕ್ಕಳಿಸದೆ ಬಿಟ್ಟರೆ ಫ್ಲೋರೈಡ್ ಹಲ್ಲಿನ ಮೇಲೆ ಇನ್ನಷ್ಟು ಹೊತ್ತು ನಿಲ್ಲುತ್ತದೆ. ನಮ್ಮ ನಿಯಮದಂತೆ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಮೀರುವಂತಿಲ್ಲ, ಪ್ರಮಾಣವನ್ನು ಟ್ಯೂಬಿನ ಮೇಲೆ ಮುದ್ರಿಸಲೇಬೇಕು. ಅಂಗಡಿಯಲ್ಲಿ ಟ್ಯೂಬನ್ನು ತಿರುಗಿಸಿ ಆ ಸಂಖ್ಯೆ ಇದೆಯೇ ಎಂದು ನೋಡಿ. ಇಲ್ಲದಿದ್ದರೆ, ಲವಂಗವೋ ಬೇವೋ ಏನೇ ಬರೆದಿದ್ದರೂ, ಅದರಲ್ಲಿ ಫ್ಲೋರೈಡ್ ಇದೆಯೆಂದು ನಂಬುವಂತಿಲ್ಲ.