ಪದ ಪರಿಚಯ: ಪ್ರೈಮ್ ರಿಬ್ ಮತ್ತು ‘ಡನ್‌ನೆಸ್’ ಎಂಬ ಹದ

‘ರೇರ್ ಇರಲಾ, ಮೀಡಿಯಂ ಇರಲಾ, ವೆಲ್ ಡನ್ ಇರಲಾ?’ ದನದ ಮಾಂಸದ ದೊಡ್ಡ ರೋಸ್ಟ್ (ಓವನ್ನಿನಲ್ಲಿ ಇಡಿಯಾಗಿ ಬೇಯಿಸಿದ ತುಂಡು) ಬಡಿಸುವ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುತ್ತಿರುವುದು ಡನ್‌ನೆಸ್ ಬಗ್ಗೆ, ಅಂದರೆ ಮಾಂಸ ಎಷ್ಟು ಬೆಂದಿರಬೇಕು ಅನ್ನುವುದರ ಬಗ್ಗೆ. ಇದಕ್ಕೆ ‘ಹದ’ ಅನ್ನುವುದಕ್ಕಿಂತ ಒಳ್ಳೆಯ ಕನ್ನಡ ಪದ ನನಗೆ ಸಿಕ್ಕಿಲ್ಲ. ಉಳುವ ಮಣ್ಣಿಗೂ ಹದ ಅನ್ನುತ್ತೇವೆ, ಚರ್ಮಕ್ಕೂ ಹದ ಅನ್ನುತ್ತೇವೆ. ಮಾಂಸದ ಹದದಲ್ಲಿ ಒಂದು ಅನುಕೂಲ ಇದೆ: ಅದನ್ನು ಡಿಗ್ರಿಯಲ್ಲಿ ಅಳೆಯಬಹುದು.

ಮೊದಲು ಪ್ರೈಮ್ ರಿಬ್ ಯಾವುದು ನೋಡೋಣ. ದನಕ್ಕೆ 13 ಜೊತೆ ಪಕ್ಕೆಲುಬು. ಅಮೆರಿಕದಲ್ಲಿ ಮಾಂಸ ಕತ್ತರಿಸುವವರ ಲೆಕ್ಕದಲ್ಲಿ, ಮುಂದಿನಿಂದ ಎಣಿಸಿದರೆ 6ರಿಂದ 12ನೆಯ ಪಕ್ಕೆಲುಬಿನವರೆಗಿನ ಭಾಗದಿಂದ ಬರುವ ರೋಸ್ಟ್ ಇದು. ಮೂಳೆ ಸಮೇತ ಇದ್ದರೆ ಸ್ಟ್ಯಾಂಡಿಂಗ್ ರಿಬ್ ರೋಸ್ಟ್ ಅಂತಲೂ ಕರೆಯುತ್ತಾರೆ, ತಟ್ಟೆಯಲ್ಲಿ ಅದು ತನ್ನ ಮೂಳೆಗಳ ಮೇಲೇ ನಿಲ್ಲುತ್ತದಲ್ವಾ, ಅದಕ್ಕೆ. ‘ಪ್ರೈಮ್’ ಅಂತ ಕಂಡ ಕೂಡಲೇ ಅಲ್ಲಿನ ಸರ್ಕಾರಿ ಗುಣಮಟ್ಟದ ಪ್ರೈಮ್ ದರ್ಜೆ ಅಂದುಕೊಳ್ಳಬೇಡಿ. ಅದಕ್ಕಿಂತ ಕೆಳಗಿನ ಚಾಯ್ಸ್ ದರ್ಜೆಯ ತುಂಡನ್ನೂ ಪ್ರೈಮ್ ರಿಬ್ ಅಂತಲೇ ಮಾರುತ್ತಾರೆ.

ಬೆನ್ನಿನ ಈ ಸ್ನಾಯುವಿಗೆ ಕೆಲಸ ಕಡಿಮೆ. ಹಾಗಾಗಿ ಹುಟ್ಟಾ ಮೆತ್ತಗೆ, ನಡುನಡುವೆ ಕೊಬ್ಬಿನ ಗೆರೆಗಳು. ಕಾಲಿನ ಮಾಂಸದ ಹಾಗೆ ಗಂಟೆಗಟ್ಟಲೆ ಬೇಯಿಸಿ ಮೆತ್ತಗೆ ಮಾಡುವ ಅಗತ್ಯವೇ ಇಲ್ಲ. ನಟ್ಟನಡುವಿನ ಬಿಸಿ ನಮಗೆ ಬೇಕಾದ ಅಂಕೆಗೆ ಬಂದರೆ ಸಾಕು, ಕೆಲಸ ಮುಗಿಯಿತು.

ಆ ಅಂಕೆಗಳು ಸುಮಾರಾಗಿ ಹೀಗಿವೆ. ರೇರ್ ಅಂದರೆ 49ರಿಂದ 52 ಡಿಗ್ರಿ ಸೆಲ್ಸಿಯಸ್, ನಡುವೆ ಗಾಢ ಕೆಂಪು. ಮೀಡಿಯಂ ರೇರ್ 54ರಿಂದ 57, ಬೆಚ್ಚಗಿನ ಗುಲಾಬಿ ಕೆಂಪು. ಮೀಡಿಯಂ 60ರಿಂದ 63. 71 ದಾಟಿದರೆ ವೆಲ್ ಡನ್, ಪೂರ್ತಿ ಕಂದು. ಪ್ರೈಮ್ ರಿಬ್‌ಗೆ ನನ್ನ ವೋಟು ಮೀಡಿಯಂ ರೇರ್‌ಗೆ. ರೇರ್‌ನಲ್ಲಿ ಒಳಗಿನ ಕೊಬ್ಬು ಸರಿಯಾಗಿ ಕರಗಿರುವುದಿಲ್ಲ, ಬಾಯಿಗೆ ಮೇಣದ ಹಾಗೆ ಹತ್ತುತ್ತದೆ.

ಐದಾರು ಡಿಗ್ರಿಗೆ ಇಷ್ಟು ವ್ಯತ್ಯಾಸ ಯಾಕೆ? ಮಾಂಸದ ಎಳೆಗಳಲ್ಲಿರುವ ಮಯೋಸಿನ್ ಎಂಬ ಪ್ರೋಟೀನು 50 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಹಸಿ ಮಾಂಸದ ಲೊಳಲೊಳ ಹೋಗಿ ಕಚ್ಚಿದರೆ ತುಂಡಾಗುವ ಹಾಗೆ ಆಗುವುದು ಆಗಲೇ. 60 ದಾಟಿದ ಮೇಲೆ ಎಳೆಗಳನ್ನು ಸುತ್ತಿಕೊಂಡ ಕೊಲಾಜೆನ್ ಎಂಬ ಪ್ರೋಟೀನು ಬಿಗಿಯುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರು ಹೊರಬರುತ್ತದೆ. 65ರ ಮೇಲೆ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನೂ ಗಟ್ಟಿಯಾಗಿ ಮಾಂಸ ಒಣಕಲಾಗುತ್ತದೆ. ಕೆಂಪು ಬಣ್ಣ ಮಯೋಗ್ಲೋಬಿನ್ ಎಂಬ ಪ್ರೋಟೀನಿನದು. ಅದೂ 60ರ ಮೇಲೆ ಕೆಟ್ಟು ಕಂದಾಗುತ್ತಾ ಹೋಗುತ್ತದೆ. ತಟ್ಟೆಯಲ್ಲಿ ನಿಲ್ಲುವ ಕೆಂಪು ರಸ ರಕ್ತ ಅಂತ ಮೂಗು ಮುರಿಯುವವರು ಜಾಸ್ತಿ. ಅದು ರಕ್ತ ಅಲ್ಲ, ಈ ಮಯೋಗ್ಲೋಬಿನ್ ಬೆರೆತ ನೀರು.

ಇನ್ನು ಎಲ್ಲರೂ ಎಡವುವ ಜಾಗ. ನಾನು ಮೊದಲ ಸಲ ಮಾಡಿದಾಗ ಓವನ್ನು 230 ಡಿಗ್ರಿಯಲ್ಲಿತ್ತು. ಥರ್ಮಾಮೀಟರ್ 56 ತೋರಿಸಿತು. ಮೀಡಿಯಂ ರೇರ್ ಬಂತು ಅಂತ ಖುಷಿಯಿಂದ ಹೊರಗೆ ತೆಗೆದು, ಫಾಯಿಲ್ ಹೊದಿಸಿ ಇಟ್ಟೆ. ಕಡ್ಡಿಯನ್ನು ಸುಮ್ನೆ ಒಳಗೇ ಬಿಟ್ಟಿದ್ದೆ. ನೋಡನೋಡುತ್ತಲೇ 57, 58, 60. ಇಪ್ಪತ್ತು ನಿಮಿಷಕ್ಕೆ 62. ಒಲೆಯಿಂದ ಇಳಿಸಿದ ಮೇಲೂ ಅದು ಬೇಯುತ್ತಲೇ ಇತ್ತು! ಕತ್ತರಿಸಿದರೆ ಗುಲಾಬಿ ಬಣ್ಣ ನಡುವೆ ಒಂದು ಚೂರು ಮಾತ್ರ, ಸುತ್ತ ಬೂದು.

ಇದಕ್ಕೆ ಕ್ಯಾರಿಓವರ್ ಅನ್ನುತ್ತಾರೆ. ಹೊರಪದರ ಒಳಗಿಗಿಂತ ಎಷ್ಟೋ ಬಿಸಿಯಾಗಿರುತ್ತದೆ, ಆ ಬಿಸಿ ಒಳಕ್ಕೆ ಇಳಿಯುತ್ತಲೇ ಇರುತ್ತದೆ. ದೊಡ್ಡ ರೋಸ್ಟ್‌ನಲ್ಲಿ ಸಾಮಾನ್ಯವಾಗಿ 3ರಿಂದ 6 ಡಿಗ್ರಿ ಏರುತ್ತದೆ. ಹಾಗಾಗಿ ತಿನ್ನುವ ಅಂಕೆ ಬೇರೆ, ಓವನ್ನಿಂದ ತೆಗೆಯುವ ಅಂಕೆ ಬೇರೆ. 55 ಬೇಕಿದ್ದರೆ 50ರ ಹತ್ತಿರವೇ ತೆಗೆಯಬೇಕು. ‘ಕಿಲೋಗೆ ಇಷ್ಟು ನಿಮಿಷ’ ಅನ್ನುವ ಪಟ್ಟಿಗಳನ್ನು ನಾನಂತೂ ನಂಬುವುದಿಲ್ಲ. ತುಂಡಿನ ದಪ್ಪ, ಫ್ರಿಜ್ಜಿನಿಂದ ತೆಗೆದು ಎಷ್ಟು ಹೊತ್ತಾಯಿತು, ಓವನ್ನಿನ ಗುಣ, ಎಲ್ಲವೂ ಆ ಲೆಕ್ಕ ಕೆಡಿಸುತ್ತವೆ. ಥರ್ಮಾಮೀಟರಿನ ತುದಿ ದಪ್ಪ ಭಾಗದ ನಡುವಿಗೆ ಹೋಗಬೇಕು, ಮೂಳೆಗೆ ತಾಗಬಾರದು.

ಈಗ ನಾನು ಮಾಡುವುದು ರಿವರ್ಸ್ ಸಿಯರ್, ಅಂದರೆ ಮೇಲ್ಭಾಗ ಹುರಿಯುವುದನ್ನು ಮೊದಲಿಗೆ ಬಿಟ್ಟು ಕೊನೆಗೆ ಮಾಡುವುದು. ಓವನ್ನು 120 ಡಿಗ್ರಿಗೆ ಇಟ್ಟು ನಿಧಾನಕ್ಕೆ 50, 51ಕ್ಕೆ ತರುವುದು. ಹೊರಗೂ ಒಳಗೂ ಬಿಸಿಯ ಅಂತರ ಕಡಿಮೆ, ಆದ್ದರಿಂದ ಏರಿಕೆಯೂ ಕಡಿಮೆ, ಬೂದು ಪಟ್ಟಿ ತೆಳ್ಳಗೆ. ಅರ್ಧ ಗಂಟೆ ಬಿಟ್ಟು, ಬಡಿಸುವ ಮುಂಚೆ 250 ಡಿಗ್ರಿಯಲ್ಲಿ ಏಳೆಂಟು ನಿಮಿಷ ಇಟ್ಟರೆ ಮೇಲ್ಭಾಗ ಕಂದಗೆ ಗರಿಗರಿ. ಮೊದಲೇ ಹುರಿದರೆ ರಸ ಒಳಗೇ ಬಂದಿಯಾಗುತ್ತದೆ ಅನ್ನುವುದು 19ನೇ ಶತಮಾನದ ಜರ್ಮನ್ ರಸಾಯನ ವಿಜ್ಞಾನಿ ಲೀಬಿಗ್ ಹೆಸರಿನ ಜೊತೆ ಬೆಳೆದು ಬಂದ ತಪ್ಪು ನಂಬಿಕೆ. ಹುರಿಯುವುದು ರುಚಿಗೆ, ಅಷ್ಟೇ.

ಒಂದು ಎಚ್ಚರಿಕೆ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿನ ದನದ ಮಾಂಸಕ್ಕೆ ಹೇಳುವುದು 63 ಡಿಗ್ರಿ, ಆಮೇಲೆ 3 ನಿಮಿಷ ವಿಶ್ರಾಂತಿ. ರೇರ್, ಮೀಡಿಯಂ ರೇರ್ ಎರಡೂ ಅದಕ್ಕಿಂತ ಕೆಳಗೇ ಇವೆ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಇದ್ದರೆ ಅವರ ತುಂಡನ್ನು 63 ಮುಟ್ಟಿಸಿ.

ಅದೇನೂ ಕಷ್ಟ ಅಲ್ಲ. ರೋಸ್ಟ್‌ನ ಎರಡೂ ತುದಿ ಹೇಗೂ ನಡುವಿಗಿಂತ ಜಾಸ್ತಿ ಬೆಂದಿರುತ್ತವೆ. ಸಾಲದಿದ್ದರೆ ಕತ್ತರಿಸಿದ ಹೋಳನ್ನು ಕುದಿಯುವ ಮಾಂಸದ ರಸದಲ್ಲಿ ಸ್ವಲ್ಪ ಹೊತ್ತು ಅದ್ದಿಡುತ್ತಾರೆ, ಕೆಂಪು ಹೋಗುತ್ತದೆ. ಇಡೀ ರೋಸ್ಟನ್ನು ಮೀಡಿಯಂ ರೇರ್‌ಗೆ ನಿಲ್ಲಿಸುವ ಧೈರ್ಯ ಬರುವುದೇ ಇದರಿಂದ. ಕಡಿಮೆ ಬೆಂದದ್ದನ್ನು ಇನ್ನಷ್ಟು ಬೇಯಿಸಬಹುದು, 71 ದಾಟಿದ್ದನ್ನು 55ಕ್ಕೆ ವಾಪಸ್ ತರುವ ಉಪಾಯ ಯಾರ ಹತ್ತಿರವೂ ಇಲ್ಲ.